ಹಲ್ಲು ಮೂಡಿದರೆ ಸಾಲದು, ವಸಡೂ ಉಳಿಯಬೇಕು

ಹಲ್ಲಿನ ಅಂದವನ್ನು ಕುರಿತು ಮಾತನಾಡುವಾಗ ಅದನ್ನು ಅಪ್ಪಿ ಹಿಡಿದಿರುವ ವಸಡನ್ನು ನಾವು ನೆನೆಯುವುದು ವಿರಳ. ಆಯುರ್ವೇದವು ವಸಡನ್ನು ‘ದಂತಮೂಲ’ವೆಂದು ಕರೆದಿದೆ. ಸುಶ್ರುತ ಸಂಹಿತೆಯು ಬಾಯಿಯ 65 ರೋಗಗಳನ್ನು ಎಣಿಸುವಾಗ ಹಲ್ಲಿಗೆ 8 ರೋಗಗಳನ್ನೂ ದಂತಮೂಲಕ್ಕೆ 15 ರೋಗಗಳನ್ನೂ ಹೇಳಿದೆ. ದವಡೆಯಲ್ಲಿ ಹುದುಗಿದ ಹಲ್ಲನ್ನು ಶಸ್ತ್ರಚಿಕಿತ್ಸೆಯಿಂದ ಹೊರತರಿಸುವ ಕುಟುಂಬಗಳು ಈ ದಂತಮೂಲದ ಕಡೆಗೆ ವಿಶೇಷ ಲಕ್ಷ್ಯ ಕೊಡಬೇಕೆಂಬುದು ನಮ್ಮ ಅಭಿಪ್ರಾಯ.

ಬುದ್ಧಿಹಲ್ಲನ್ನು ಬಿಟ್ಟರೆ ಹೀಗೆ ಹುದುಗಿ ಉಳಿಯುವುದರಲ್ಲಿ ಮೇಲ್ದವಡೆಯ ಕೋರೆಹಲ್ಲೇ ಪ್ರಧಾನವಾದುದು. ಸಾಮಾನ್ಯವಾಗಿ 11–12ನೆಯ ವಯಸ್ಸಿನಲ್ಲಿ ಮೂಡಬೇಕಾದ ಈ ಹಲ್ಲು ನೂರಕ್ಕೆ ಒಬ್ಬಿಬ್ಬರಲ್ಲಿ ಎಲುಬಿನೊಳಗೇ ಉಳಿಯುತ್ತದೆ. ಹೆಣ್ಣುಮಕ್ಕಳಲ್ಲಿ ಇದು ಅಧಿಕ. ‘ತಾನಾಗಿಯೇ ಬಂದೀತು’ ಎಂದು ವರುಷಗಟ್ಟಲೆ ಕಾಯುವುದು ಕ್ಷೇಮವಲ್ಲ. ಒಳಗಿನ ಹಲ್ಲು ಯಾವ ನೋವನ್ನೂ ತೋರಿಸದೆ ಪಕ್ಕದ ಬಾಚಿಹಲ್ಲಿನ ಬೇರನ್ನು ಕರಗಿಸಬಲ್ಲದು. ಸಕಾಲದಲ್ಲಿ ಗುರುತಿಸಿದರೆ ಶಸ್ತ್ರಚಿಕಿತ್ಸೆಯೇ ತಪ್ಪಬಹುದು. 10ರಿಂದ 13 ವಯಸ್ಸಿನ ಮಕ್ಕಳಲ್ಲಿ ಅಂಗುಳದತ್ತ ದಾರಿ ತಪ್ಪಿದ 46 ಕೋರೆಹಲ್ಲುಗಳನ್ನು ಸ್ವೀಡನ್ನಿನ ವೈದ್ಯರು ಪರೀಕ್ಷಿಸಿ, ಹಾಲುಕೋರೆಯನ್ನು ಕಿತ್ತ ಮಾತ್ರಕ್ಕೆ 36 ಹಲ್ಲುಗಳು ಸರಿದಾರಿಗೆ ಬಂದುದನ್ನು 1988ರಲ್ಲಿ ಪ್ರಕಟಿಸಿದ್ದಾರೆ.

ಆ ಕಾಲ ಮೀರಿದಾಗ ವಸಡನ್ನು ಬಿಡಿಸಿ, ಹಲ್ಲನ್ನು ಕಾಣುವಂತೆ ಮಾಡಿ, ತಂತಿಯಿಂದ ಮೆಲ್ಲಗೆ ಸ್ಥಾನಕ್ಕೆ ಎಳೆಯಬೇಕಾಗುತ್ತದೆ. ಇಲ್ಲಿಯೇ ವಸಡಿನ ಪ್ರಶ್ನೆ ಏಳುವುದು. ಹಲ್ಲಿನ ಬುಡವನ್ನು ಸುತ್ತುವರಿದ ವಸಡು ಗಟ್ಟಿಯಾಗಿ ಎಲುಬಿಗೆ ಅಂಟಿಕೊಂಡಿರುತ್ತದೆ. ಅದರಾಚೆಗೆ ತುಟಿಯೊಡನೆ ಅಲುಗಾಡುವ ಮೃದುವಾದ ಪೊರೆಯಿದೆ. ಹಲ್ಲು ಅಂಗುಳದ ಕಡೆಗಿದ್ದರೆ ಚಿಂತೆ ಕಡಿಮೆ. ಅಲ್ಲಿನ ಹೊದಿಕೆಯೆಲ್ಲವೂ ದಪ್ಪ ಮತ್ತು ಗಟ್ಟಿ. ತುಟಿಯ ಕಡೆಗಿದ್ದರೆ ಮಾತ್ರ ಎಚ್ಚರ ಬೇಕು. ಗಟ್ಟಿ ವಸಡನ್ನು ಕತ್ತರಿಸಿ ತೆಗೆದು ಕಿಂಡಿ ಮಾಡಿದರೆ, ಮುಂದೆ ಮೃದುಪೊರೆಯೇ ಹಲ್ಲಿಗೆ ಅಂಚಾಗಿ, ವಸಡು ಕುಗ್ಗಿ, ಹಲ್ಲು ಉದ್ದವಾಗಿ ಕಾಣುವ ಸಂಭವವುಂಟು. ಆದುದರಿಂದ ಗಟ್ಟಿ ವಸಡನ್ನು ಉಳಿಸಿ ಸರಿಸಿ ಹೊಲಿಯುವ ವಿಧಾನವೂ, ಹಲ್ಲಿಗೆ ಸಣ್ಣ ಸರಪಳಿ ಅಂಟಿಸಿ ವಸಡನ್ನು ಮತ್ತೆ ಮುಚ್ಚುವ ವಿಧಾನವೂ ಬಳಕೆಯಲ್ಲಿವೆ. ಯಾವುದು ತಕ್ಕುದೆಂಬುದು ಹಲ್ಲಿನ ಎತ್ತರ ಹಾಗೂ ದಿಕ್ಕನ್ನು ಅವಲಂಬಿಸಿದೆ.

ತಂದೆತಾಯಿಗಳು ‘ಹಲ್ಲು ಎಂದು ಕಾಣುತ್ತದೆ?’ ಎಂದಷ್ಟೇ ಕೇಳಿ ಸುಮ್ಮನಾಗುವುದು ಸಲ್ಲದು. ಹಲ್ಲು ಯಾವ ಕಡೆಗಿದೆ, ಗಟ್ಟಿ ವಸಡು ಉಳಿಯುವುದೇ, ತಂತಿ ಇರುವಷ್ಟು ಕಾಲ ವಸಡನ್ನು ಪರೀಕ್ಷಿಸುವವರಾರು ಎಂಬ ಮೂರು ಪ್ರಶ್ನೆಗಳನ್ನೂ ಶಸ್ತ್ರಚಿಕಿತ್ಸೆಗೆ ಮೊದಲೇ ಕೇಳಬೇಕು. ಎಲ್ಲವೂ ಸರಿಯಾಗಿ ನಡೆದರೂ ಆ ಹಲ್ಲಿನ ವಸಡಿನ ಅಂಚು ಪಕ್ಕದ್ದಕ್ಕಿಂತ ತುಸು ಮೇಲೆ ಕೆಳಗೆ ಕಾಣಬಹುದು. ಇದು ಅನೇಕ ವೇಳೆ ನಗುವಾಗ ಇತರರ ಕಣ್ಣಿಗೆ ಬೀಳುವುದೇ ಇಲ್ಲ. ಈ ಸಣ್ಣ ವ್ಯತ್ಯಾಸವನ್ನು ದೊಡ್ಡದು ಮಾಡಿ, ಹೆಣ್ಣುಮಗಳ ಮುಂದೆ ಮದುವೆಯ ಮಾತೆತ್ತಿ ಅವಳ ಮನಸ್ಸನ್ನು ನೋಯಿಸುವುದು ತರವಲ್ಲ.

ಇನ್ನು ನಮ್ಮ ವೈದ್ಯಪದ್ಧತಿಯ ಮಾತು. ಎಳ್ಳೆಣ್ಣೆಯ ಗಂಡೂಷವಾಗಲಿ ಕಷಾಯದ ಕವಲವಾಗಲಿ ಹುದುಗಿದ ಹಲ್ಲನ್ನು ಕೆಳಗಿಳಿಸಲಾರವು. ಕುಗ್ಗಿದ ವಸಡನ್ನು ಮರಳಿ ಬೆಳೆಸಲಾರವು. ಹಾಗೆಂದು ಭರವಸೆ ಕೊಡುವವರು ನಮ್ಮ ವೃತ್ತಿಬಾಂಧವರೇ ಆಗಿದ್ದರೂ ನಂಬಬೇಡಿರಿ. ಗಾಯ ಮಾಗಿದ ತರುವಾಯ, ದಂತವೈದ್ಯರ ಒಪ್ಪಿಗೆ ಪಡೆದು, ಬ್ರಷ್ಷಿನ ಜೊತೆಗೆ ಇವನ್ನು ಅನುಸರಿಸಬಹುದೇ ಹೊರತು ಬ್ರಷ್ಷಿನ ಬದಲಾಗಿ ಅಲ್ಲ. ತಂತಿಯ ಸುತ್ತ ಪಾಚಿ ಕಟ್ಟಿದರೆ ವಸಡು ಊದಿ ರಕ್ತ ಒಸರುತ್ತದೆ. ಮೃದುವಾದ ಬ್ರಷ್ಷಿನಿಂದ ದಿನಕ್ಕೆರಡು ಬಾರಿ ಸಾವಕಾಶವಾಗಿ ಉಜ್ಜುವುದೇ ಮುಖ್ಯ ಔಷಧ. ಇದ್ದಿಲಪುಡಿ, ಹರಳುಪ್ಪು, ಮಿಶ್ರಿಗಳಿಂದ ಎಳೆಯ ವಸಡನ್ನು ತಿಕ್ಕುವುದು ಸರ್ವಥಾ ಕೂಡದು.

ಮನೆಯಲ್ಲಿ ಹತ್ತು ತುಂಬಿದ ಮಗುವಿದ್ದರೆ ಒಮ್ಮೆ ದಂತವೈದ್ಯರಲ್ಲಿ ಕರೆದೊಯ್ದು, ಕೋರೆಹಲ್ಲುಗಳು ಸರಿಯಾದ ಹಾದಿಯಲ್ಲಿ ಇಳಿಯುತ್ತಿವೆಯೇ ಎಂದು ಕೇಳಿ ಬನ್ನಿರೆಂದು ಸದ್ಭಕ್ತರಲ್ಲಿ ನಮ್ಮ ವಿನಂತಿ.