ಹರವಿ ಬಡಿದು ನೋಡೂದೂ ಟೆಸ್ಟಿಂಗೇ

ನವಲಗುಂದ, ಕುಂದಗೋಳ ಕಡೆ ಬ್ಯಾಸಿಗಿ ಬಂತಂದ್ರ ಹೊಸ ಹರವಿ ಕೊಳ್ಳುವವರು ಮೊದಲು ಬೆರಳಿನಿಂದ ಬಡಿದು ನೋಡ್ತಾರೆ. ಠಣ್ ಅಂದ್ರೆ ಗಟ್ಟಿ, ಬದ್ ಅಂದ್ರೆ ಎಲ್ಲೋ ಸೀಳು. ವಸ್ತುವನ್ನು ಕೆಡಿಸದೆ ಮಾಡುವ ಈ ಪರೀಕ್ಷೆಗೆ ನಮ್ಮ ಸಿಲೆಬಸ್‌ನಲ್ಲಿ ಎನ್‌ಡಿಟಿ ಅಂತ ಹೆಸರು.

ಬಡಿದಾಗ ಇಡೀ ಹರವಿ ಕಂಪಿಸುತ್ತೆ. ಸೀಳು ಇದೆ ಅಂತ ತಿಳಿಯುತ್ತೆ, ಎಲ್ಲಿದೆ ಅಂತ ತಿಳಿಯಲ್ಲ. ಅಲ್ಟ್ರಾಸೌಂಡ್ ಬೇಕಾಗೋದು ಇಲ್ಲೇ. ಪ್ರೋಬ್ ಕಳಿಸಿದ ಅಲೆ ಬಿರುಕಿನೊಳಗಿನ ಗಾಳಿ ಸಿಕ್ಕ ಕೂಡಲೇ ಪ್ರತಿಫಲಿಸುತ್ತೆ. ಅದು ಮರಳಿ ಬಂದ ಸಮಯದಿಂದ ಆಳದ ಲೆಕ್ಕ ಹಾಕ್ತೀವಿ.

ಲ್ಯಾಬಿನಲ್ಲಿ ನಾವಿದನ್ನು ಕಲಿಯೋದು ಉಕ್ಕಿನ ಬ್ಲಾಕ್ ಮೇಲೆ. ಆದರೆ ಉಕ್ಕು ಮುರಿಯುವ ಮೊದಲು ಸಾಮಾನ್ಯವಾಗಿ ಬಾಗುತ್ತೆ. ಪಿಂಗಾಣಿ ಅಂಥ ಸೂಚನೆ ಕೊಡಲ್ಲ. ಅಲ್ಯೂಮಿನಾದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 10 ಕಿ.ಮೀ. 5 ಮೆಗಾಹರ್ಟ್ಸ್ ಪ್ರೋಬ್ ಇಟ್ಟರೆ ಅಲೆಯುದ್ದ 2 ಮಿ.ಮೀ. ಅದನ್ನು ಒಡೆಯಲು 0.1 ಮಿ.ಮೀ. ದೋಷವೂ ಸಾಕಾಗಬಹುದು. 50 ಮೆಗಾಹರ್ಟ್ಸ್‌ಗೆ ಏರಿಸಿದರೆ ಅಲೆಯುದ್ದ 0.2 ಮಿ.ಮೀ.ಗೆ ಇಳಿಯುತ್ತೆ, ಆದರೆ ಕಣ, ರಂಧ್ರಗಳಿಗೆ ತಾಗಿ ಅಲೆ ಬೇಗ ಚದುರುತ್ತೆ. ಹರವಿಯ ನೀರು ತಂಪಾಗೋದೇ ರಂಧ್ರಗಳಿಂದ. ಅಲ್ಲಿ ಈ ಪ್ರೋಬ್ ನಡೆಯಲ್ಲ. ಅಂದ್ರೆ ಮಷೀನ್ ಕೊಂಡರಷ್ಟೇ ಸಾಲದು, ಮಣ್ಣನ್ನೂ ಓದಬೇಕು.

ಹರವಿ ಸೀಳಿದರೆ ನೀರು ಹೋಗುತ್ತೆ, ಅಷ್ಟೇ. ಅಣ್ಣಿಗೇರಿಯ ಎರಿಹೊಲದ ಮೇಲೆ ಹಾದು ಹೋಗುವ ತಂತಿಯ ಪಿಂಗಾಣಿ ಇನ್ಸುಲೇಟರ್ ಸೀಳಿದರೆ? ಒಳಗೆ ತೇವ ಇಳಿದು ಕರೆಂಟು ಕಂಬಕ್ಕೆ ಸೋರಬಹುದು. ಮಳೆಗಾಲದಲ್ಲಿ ಆ ಕಂಬದ ಪಕ್ಕ ನಿಲ್ಲೋರು ನಮ್ಮ ಮನೆಯವರೇ.

ಕಾರ್ಖಾನೆಯಲ್ಲಿ ಟೆಸ್ಟ್ ಆಗಿರುತ್ತಲ್ಲ ಅಂತೀರಾ? ಆಗಿರುತ್ತೆ. ಆದರೆ ಆಮೇಲೆ ಅದು ವರ್ಷಗಟ್ಟಲೆ ಬಿಸಿಲು, ಮಳೆ, ಸಿಡಿಲು ತಿಂದಿರುತ್ತೆ. ಅಲ್ಲದೆ ತಂತಿಯಲ್ಲಿ ನೇತಾಡುವ ಡಿಸ್ಕ್ ಇನ್ಸುಲೇಟರಿಗೆ ಮೇಲೆ ಲೋಹದ ಟೊಪ್ಪಿಗೆ, ನಡುವೆ ಸಿಮೆಂಟು. ಬಿರುಕು ಟೊಪ್ಪಿಗೆಯೊಳಗೇ ಇದ್ದರೆ ಕಣ್ಣಿಗೆ ಕಾಣಲ್ಲ, ಪ್ರೋಬ್ ಇಡಲೂ ಸರಿಯಾದ ಜಾಗ ಸಿಗಲ್ಲ.

ಬಿಡಿಸಬೇಕಾದ ಪ್ರಶ್ನೆ ಅದೇ ನೋಡ್ರಿ. ಫೈನಲ್ ಇಯರ್ ಪ್ರಾಜೆಕ್ಟಿಗೆ ಹಳೇ ರಿಪೋರ್ಟಿನ ಹೆಸರು ಬದಲಿಸುವ ಬದಲು, ಅನುಮತಿ ಕೇಳಿ, ಕಂಬದಿಂದ ಇಳಿಸಿದ ಇನ್ಸುಲೇಟರ್ ತರೋಣ. ಮೊದಲು ಸ್ಕ್ಯಾನ್ ಮಾಡಿ ಬಿರುಕು ಎಲ್ಲಿದೆ ಅಂತ ಬರೆದಿಡೋಣ. ಆಮೇಲೆ ಕತ್ತರಿಸಿ ನೋಡೋಣ. ಎಷ್ಟು ಸರಿ, ಎಷ್ಟು ತಪ್ಪು ಅಂತ ಎರಡನ್ನೂ ರಿಪೋರ್ಟಿನಲ್ಲಿ ಹಾಕೋಣ. ತಪ್ಪಿದ್ದನ್ನು ಮುಚ್ಚಿಟ್ಟರೆ ಅದು ಮಾರ್ಕ್ಸಿಗಾಯಿತು, ಕಂಬದ ಕೆಳಗೆ ನಿಲ್ಲೋರಿಗೆ ಆಗಲಿಲ್ಲ.