ಕಲ್ಲುಹೂ, ಹೈವೇ ಮತ್ತು ಅಪ್ಪನ ಅತ್ತಿಮರ

ಮಸಾಲೆಗೆ ಹಾಕ್ತಾರಲ್ಲ, ಕಲ್ಲುಹೂ ಅಂತ, ಒಣಗಿದ ಬೂದು ಬಣ್ಣದ ಚೂರು? ಅದು ಹೂವೂ ಅಲ್ಲ, ಕಲ್ಲಿನ ಮೇಲೇ ಬೆಳೀಬೇಕು ಅಂತಲೂ ಇಲ್ಲ. ಸಕಲೇಶಪುರದ ಕಡೆ ಹಲಸು, ಅತ್ತಿ, ಹಾಲುವಾಣ, ಮುದಿ ಕಾಫಿ ಗಿಡ, ಎಲ್ಲದರ ಮೈಮೇಲೂ ಅದರ ಅಣ್ಣತಮ್ಮಂದಿರು ಇದ್ದಾರೆ. ಚಿಕ್ಕವನಿದ್ದಾಗ ಉಗುರಲ್ಲಿ ಕೆರೆದು ಕಿತ್ತು ಹಾಕ್ತಿದ್ದೆ. ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುವ ಜೀವ ಅಂತ ಆಗ ಯಾರೂ ಹೇಳಿರಲಿಲ್ಲ.

ಇದು ಒಂದು ಜೀವವಲ್ಲ, ಒಂದು ಸಂಸಾರ. ಶಿಲೀಂಧ್ರ ಮನೆ ಕಟ್ಟುತ್ತೆ, ಒಳಗಿರುವ ಪಾಚಿ ಬಿಸಿಲಲ್ಲಿ ಅಡುಗೆ ಮಾಡುತ್ತೆ. ಎಷ್ಟೋ ಜಾತಿಗಳಲ್ಲಿ ಯೀಸ್ಟ್ ಕೂಡ ಬಾಡಿಗೆಗೆ ಇದೆ ಅಂತ 2016ರಲ್ಲಿ ಗೊತ್ತಾಯ್ತು! ಬೇರಿಲ್ಲ, ಎಲೆಗಿರುವಂಥ ಮೇಣದ ಹೊದಿಕೆಯೂ ಇಲ್ಲ. ಬೇಕಾದ್ದೆಲ್ಲ ಮಳೆ, ಮಂಜು, ಧೂಳಿನಿಂದಲೇ ಬರಬೇಕು. ಹಾಗಾಗಿ ಗಾಳಿಯಲ್ಲಿ ಏನಿದ್ದರೂ ನೇರವಾಗಿ ಒಳಗೆ. ಗಂಧಕದ ಡೈಆಕ್ಸೈಡ್ ಜಾಸ್ತಿಯಾದರೆ ಅಡುಗೆಯವನೇ ಮೊದಲು ಸಾಯ್ತಾನೆ. ಪ್ಯಾರಿಸ್ಸಿನ ಉದ್ಯಾನದ ಕಲ್ಲುಹೂಗಳನ್ನು ನೋಡಿ, ಇವು ಊರಿನ ಗಾಳಿಯ ಅಳತೆಗೋಲು ಅಂತ ನೈಲಾಂಡರ್ ಎಂಬಾತ 1866ರಲ್ಲೇ ಬರೆದಿದ್ದ. ನಮ್ಮಲ್ಲೂ 2003ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬೆಂಗಳೂರಿನ, ಅದರಲ್ಲೂ ಲಾಲ್‌ಬಾಗಿನ, ಕಲ್ಲುಹೂಗಳ ಬಗ್ಗೆ ಮತ್ತು ಅವು ಹೀರಿಕೊಂಡ ಭಾರಲೋಹಗಳ ಬಗ್ಗೆ ಒಂದು ಅಧ್ಯಯನ ಬಂತು.

ಹಾಗಂತ ಸಿಲ್ಕ್ ಬೋರ್ಡಿನ ಮರವನ್ನೂ ಸಕಲೇಶಪುರದ ಮರವನ್ನೂ ಪಕ್ಕಪಕ್ಕ ಇಟ್ಟು "ನೋಡಿ, ಸಿಟಿ ಎಷ್ಟು ಕೆಟ್ಟದ್ದು" ಅನ್ನೋದು ಮೋಸ. ಮಳೆ ಲೆಕ್ಕಕ್ಕೆ ಬೇಡವೇ? ಹಾಸನ ದಾಟಿ ಆಲೂರು, ಅಲ್ಲಿಂದ ಸಕಲೇಶಪುರ ಅಂತ ಹೋಗ್ತಾ ಹೋಗ್ತಾ ಮಳೆ ಜಾಸ್ತಿ, ಮರದ ಮೈಮೇಲಿನ ಹಸಿರೂ ಜಾಸ್ತಿ. ಹೋಲಿಸೋದಾದರೆ ಒಂದೇ ಮಳೆ ಬೀಳುವ ಎರಡು ಮರ ಹೋಲಿಸಬೇಕು: ಹೈವೇ ಪಕ್ಕದ್ದೊಂದು, ತೋಟದ ಒಳಗಿನದೊಂದು. ಕಳೆದ ಸಲ ಊರಿಗೆ ಹೋದಾಗ ಅದನ್ನೇ ಮಾಡೋಣ ಅಂತ ಹೊರಟೆ. ಹೈವೇ ಪಕ್ಕದ್ದು ಇರಲೇ ಇಲ್ಲ :-(

ಹಾಸನದಿಂದ ಮಾರನಹಳ್ಳಿವರೆಗೆ ರಾಷ್ಟ್ರೀಯ ಹೆದ್ದಾರಿ 75 ಅಗಲ ಮಾಡುವ ಕೆಲಸದಲ್ಲಿ ರಸ್ತೆ ಬದಿಯ ಮರಗಳು ಹೋದವು. ರಸ್ತೆ ಬೇಡ ಅಂತ ನಾನಂತೂ ಹೇಳಲ್ಲ. ಶುಕ್ರವಾರ ರಾತ್ರಿ ಬಸ್ಸು ಹತ್ತುವವನು ಹಾಗೆ ಹೇಳೋಕಾಗಲ್ಲ. ನನಗೆ ಸಿಟ್ಟು ಬರೋದು "ಒಂದಕ್ಕೆ ಹತ್ತು ಸಸಿ ನೆಟ್ಟರಾಯ್ತು" ಅನ್ನುವ ಲೆಕ್ಕಕ್ಕೆ. ಗಾಳಿಯನ್ನು ಕಾನೂನು ತಂದು ಸರಿ ಮಾಡಬಹುದು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದಾಗ ಪೆಟ್ರೋಲ್-ಡೀಸೆಲ್‌ನ ಗಂಧಕದ ಮಿತಿ 50 ಪಿಪಿಎಂನಿಂದ 10ಕ್ಕೆ ಇಳೀತು. ಲಂಡನ್ನಿನಲ್ಲಿ ಕಲ್ಲಿದ್ದಲ ಹೊಗೆ ಕಡಿಮೆಯಾದ ಮೇಲೆ ಕಲ್ಲುಹೂಗಳು ವಾಪಸ್ ಬಂದವು (ಎಲ್ಲ ಹಳಬರೂ ಅಲ್ಲ, ವಾಹನದ ಸಾರಜನಕ ತಡೆದುಕೊಳ್ಳುವ ಗಟ್ಟಿಗರೇ ಜಾಸ್ತಿ). ಆದರೆ ವಾಪಸ್ ಬರೋಕೆ ಎಲ್ಲೋ ಒಂದು ಕಡೆ ಬದುಕಿ ಉಳಿದಿರಬೇಕು, ಬಂದಮೇಲೆ ಕೂರೋಕೆ ಜಾಗ ಬೇಕು. ಬಿರುಕು ಬಿಟ್ಟ, ನೀರು ಹಿಡಿದಿಡುವ ಮುದಿ ತೊಗಟೆಗೆ ಹತ್ತು ಸಸಿ ಸಾಟಿಯಲ್ಲ.

ಬರೀ ಎಣಿಕೆ ಎಷ್ಟು ದಾರಿ ತಪ್ಪಿಸುತ್ತೆ ನೋಡಿ. ಕೆನಡಾದ ಮಾಂಟ್ರಿಯಲ್‌ನಲ್ಲಿ ಮರದ ಎಲೆಗಳ ಮೇಲಿನ ಬ್ಯಾಕ್ಟೀರಿಯಾ ಅಧ್ಯಯನ ಮಾಡಿ 2017ರಲ್ಲಿ ಪ್ರಕಟಿಸಿದರು. ಊರಿನ ಗದ್ದಲ ಹೆಚ್ಚಿದ ಕಡೆ ವೈವಿಧ್ಯ ಕಡಿಮೆ ಇರುತ್ತೆ ಅಂದುಕೊಂಡಿರಾ? ಹೆಚ್ಚಾಗಿತ್ತು! ಆದರೆ ಇದ್ದವರು ಬೇರೆ. ನಮ್ಮ ಬೆಂಗಳೂರಿನ ಹಾಗೇ :-) ಪಟ್ಟಿ ಉದ್ದವಾಯ್ತು ಅಂದಮಾತ್ರಕ್ಕೆ ಮನೆ ಉಳೀತು ಅಂತಲ್ಲ.

ಇಷ್ಟೆಲ್ಲ ತಲೆಯಲ್ಲಿಟ್ಟುಕೊಂಡು ಅಪ್ಪನ ಹತ್ತಿರ ಮಾತಾಡಿದೆ. ಕಣದ ಹತ್ತಿರದ ಅತ್ತಿಮರ ತೆಗೆಸಿ ಸಿಲ್ವರ್ ಓಕ್ ಹಾಕುವ ಯೋಚನೆ ಅವರದ್ದು. ಮೆಣಸಿನ ಬಳ್ಳಿ ಹಬ್ಬಿಸಬಹುದು, ನೆಟ್ಟಗೆ ಬೆಳೆಯುತ್ತೆ, ಕಡಿಯುವಾಗ ಅರಣ್ಯ ಇಲಾಖೆಗೆ ಅಲೆಯುವ ಹಾಗಿಲ್ಲ. ನಾನು ಕಲ್ಲುಹೂವಿನ ಕಥೆ ಶುರು ಮಾಡಿದೆ. ಅಪ್ಪ ಪೂರ್ತಿ ಕೇಳಿ, "ಕೊಳೆರೋಗಕ್ಕೆ ನಾನು ವರ್ಷಾ ವರ್ಷಾ ಮೈಲುತುತ್ತು ಸುಣ್ಣ ಹೊಡೀತೀನಲ್ಲ, ಅದೂ ಬೂಷ್ಟು ಕೊಲ್ಲೋ ಔಷಧಿನೇ. ಅದನ್ನೂ ನಿಲ್ಸೋದಾ? ಬೆಂಗಳೂರಲ್ಲಿ ಕೂತು ಹೇಳೋದು ಸುಲಭ ಕಣೋ" ಅಂದರು. ಮೈಲುತುತ್ತಿನ ತಾಮ್ರ ಕೊಳೆರೋಗದ ಜೊತೆ ಇವುಗಳನ್ನೂ ಬಿಡಲ್ಲ, ನಿಜ. ನನ್ನ ಹತ್ತಿರ ಉತ್ತರ ಇರಲಿಲ್ಲ. "ಔಷಧಿ ಹೊಡೀರಿ ಅಪ್ಪ, ಆ ಒಂದು ಮರ ಮಾತ್ರ ಬಿಡಿ" ಅಂದೆ.

ಈ ವರ್ಷದ ಮರಗಸಿಯಲ್ಲಿ ಅತ್ತಿಮರದ ಕೊಂಬೆ ಮಾತ್ರ ಸವರಿಸಿದ್ದಾರೆ. ಮುಂದಿನ ವರ್ಷದ ಮಾತು ಇನ್ನೂ ಎತ್ತಿಲ್ಲ.