ಹೊಸ ಟೆಂಟಿನಲ್ಲಿ ಮೊದಲ ರಾತ್ರಿ ನೀವೇ ಮಲಗಿ

ಸಕಲೇಶಪುರ, ಮೂಡಿಗೆರೆ, ಕೊಡಗಿನ ಕಡೆ ಹೋದರೆ ಕಾಫಿ ತೋಟದ ಮಗ್ಗುಲಲ್ಲಿ, ಹೊಳೆ ದಂಡೆಯಲ್ಲಿ ಬಣ್ಣಬಣ್ಣದ ಟೆಂಟುಗಳು ಕಾಣುತ್ತವೆ. ವಾರದ ಕೊನೆಗೆ ಬೆಂಗಳೂರಿನಿಂದ ಬರುವವರಿಗೆ ಬಾಡಿಗೆಗೆ ಕೊಡುವಂಥವು. ಊರಲ್ಲೇ ಇದ್ದು ನಾಲ್ಕು ಕಾಸು ನೋಡೋಣ ಅಂತ ಎಷ್ಟೋ ಹುಡುಗರು ಆನ್‌ಲೈನಲ್ಲಿ ಟೆಂಟು ತರಿಸಿಕೊಂಡು ಈ ಕೆಲಸಕ್ಕೆ ಇಳಿದಿದ್ದಾರೆ. ಇಳಿಯಲಿ, ಒಳ್ಳೆಯದೇ. ನನ್ನ ತಕರಾರು ಇಷ್ಟೇ: ಶುಕ್ರವಾರ ಪಾರ್ಸೆಲ್ ಬಂತು, ಶನಿವಾರ ಗಿರಾಕಿ ಬಂದರು, ಟೆಂಟಿನ ಚೀಲ ಮೊದಲ ಸಲ ಬಿಚ್ಚಿದ್ದೇ ಅವರ ಎದುರಿಗೆ, ಅದೂ ಕತ್ತಲಾದ ಮೇಲೆ. ಇದು ಆಗಬಾರದು. ದುಡ್ಡು ಕೊಟ್ಟು ಮಲಗುವವರ ಜೀವ ಆ ಬಟ್ಟೆಯೊಳಗೆ ಇರುತ್ತದೆ.

ಮೊಬೈಲಿನ ವಿಡಿಯೊದಲ್ಲಿ ಎರಡು ನಿಮಿಷಕ್ಕೆ ಟೆಂಟು ಎದ್ದು ನಿಲ್ಲುತ್ತದೆ. ಅಲ್ಲಿ ಗಾಳಿ ಇಲ್ಲ, ನೆಲ ಸಮ, ಹುಲ್ಲು ಮೆತ್ತಗೆ. ನಮ್ಮ ನೆಲ ಹಾಗಿಲ್ಲ. ಆದ್ದರಿಂದ ಮೊದಲ ಸಲ ಮನೆ ಅಂಗಳದಲ್ಲೋ ಕಣದಲ್ಲೋ ಹಗಲು ಹೊತ್ತಲ್ಲಿ ಹಾಕಿ ನೋಡಿ. ಸಾಮಾನು ಎಣಿಸಿ: ಒಳಗಿನ ಗುಡಾರ, ಮೇಲೆ ಹೊದಿಸುವ ಮಳೆ ಬಟ್ಟೆ, ಮಡಚುವ ಕೋಲುಗಳು, ಗೂಟ, ಹಗ್ಗ. ಕೋಲಿನೊಳಗೆ ಎಲಾಸ್ಟಿಕ್ ದಾರ ಇರುತ್ತದೆ. ಬಟ್ಟೆಯ ತೋಳಿನೊಳಗೆ ಕೋಲನ್ನು ತಳ್ಳಬೇಕು, ಎಳೆಯಬಾರದು. ಎಳೆದರೆ ತುಂಡುಗಳ ಕೀಲು ಬಿಟ್ಟುಕೊಂಡು ಒಳಗೇ ಸಿಕ್ಕಿಕೊಳ್ಳುತ್ತದೆ.

ಗೂಟದ ವಿಷಯದಲ್ಲಿ ನಮ್ಮವರಿಗೆ ಯಾರೂ ಪಾಠ ಹೇಳಬೇಕಿಲ್ಲ, ಆದರೂ ಒಂದು ವ್ಯತ್ಯಾಸ ಇದೆ. ದನ ಕಟ್ಟುವ ಗೂಟವನ್ನು ನೆಟ್ಟಗೆ ಹೊಡೆಯುತ್ತೇವೆ. ಟೆಂಟಿನ ಗೂಟದ ತಲೆ ಮಾತ್ರ ಟೆಂಟಿನಿಂದ ಆಚೆಗೆ ಓರೆಯಾಗಿರಬೇಕು, ಸುಮಾರು 45 ಡಿಗ್ರಿ. ಆಗ ಗಾಳಿ ಹಗ್ಗ ಜಗ್ಗಿದರೂ ಗೂಟ ಕಿತ್ತು ಬರುವುದು ಕಷ್ಟ. ಪಾರ್ಸೆಲ್ ಜೊತೆ ಬರುವ ಗೂಟಗಳು ಹೆಚ್ಚಿನವು ತೆಳು ತಂತಿಯಂಥವು. ಜಂಬಿಟ್ಟಿಗೆ ನೆಲದಲ್ಲಿ ಬಾಗುತ್ತವೆ, ಮರಳಲ್ಲಿ ನಿಲ್ಲುವುದಿಲ್ಲ. ಊರಿನ ಕುಲುಮೆಯಲ್ಲಿ ಗಟ್ಟಿ ಕಬ್ಬಿಣದವು ಮಾಡಿಸಿ. ಆ ಖರ್ಚು ದಂಡ ಅಲ್ಲ.

ಜಾಗ ಆರಿಸುವುದನ್ನು ಕಲಿಯಬೇಕಾದರೆ ಕುರಿ ಮಂದೆ ನಿಲ್ಲಿಸುವವರನ್ನು ಕೇಳಿ. ನೀರು ಯಾವ ಕಡೆ ಹರಿಯುತ್ತದೆ ಅಂತ ಅವರು ಮೊದಲು ನೋಡುತ್ತಾರೆ. ತಗ್ಗಿನಲ್ಲಿ, ಹಳ್ಳದ ಪಾತ್ರದಲ್ಲಿ, ಒಣಗಿದ ಕೊಂಬೆ ಇರುವ ಮರದ ಕೆಳಗೆ ಟೆಂಟು ಬೇಡ. ಮಲೆನಾಡಿನಲ್ಲಿ ಮುಂಗಾರಿನ ಗಾಳಿ ಪಡುವಣದಿಂದ ಬೀಸುತ್ತದೆ, ಬಾಗಿಲು ಆ ಕಡೆ ಬೇಡ. ಕೆಳಗೆ ಹಾಸುವ ತಾಡಪಾಲು ಟೆಂಟಿನ ಅಂಚಿಗಿಂತ ಆಚೆಗೆ ಚಾಚಿರಬಾರದು. ಚಾಚಿದರೆ ಮಳೆ ನೀರನ್ನು ಹಿಡಿದು ಸೀದಾ ಒಳಕ್ಕೇ ತಂದು ಬಿಡುತ್ತದೆ. ಹೊರಗಿರುವ ಅಂಚನ್ನು ಒಳಗೆ ಮಡಚಿ.

ಎಲ್ಲ ಆದಮೇಲೆ ಮೇಲಿನಿಂದ ನಾಲ್ಕು ಬಿಂದಿಗೆ ನೀರು ಸುರಿಯಿರಿ. ಹೊಲಿಗೆ ಎಲ್ಲಿ ಸೋರುತ್ತದೆ ಅಂತ ಆಗ ಗೊತ್ತಾಗುತ್ತದೆ. ಆಮೇಲೆ ಒಂದು ರಾತ್ರಿ ನೀವೇ ಒಳಗೆ ಮಲಗಿ. ಇಬ್ಬರದು ಅಂತ ಬರೆದಿದ್ದರೆ ಇಬ್ಬರು ಒತ್ತಿಕೊಂಡು ಮಲಗುವಷ್ಟು ಜಾಗ, ಬ್ಯಾಗಿಗೆ ಜಾಗ ಇಲ್ಲ ಅಂತ ಅವತ್ತೇ ತಿಳಿಯುತ್ತದೆ. ಬೆಳಿಗ್ಗೆ ಒಳಗೋಡೆ ಒದ್ದೆ ಇದ್ದರೆ ಸೋರಿತು ಅಂತ ಗಾಬರಿ ಬೇಡ. ಅದು ಉಸಿರಿನ ತೇವ ತಣ್ಣನೆ ಬಟ್ಟೆಗೆ ತಾಗಿ ನೀರಾದದ್ದು. ಗಾಳಿ ಕಿಂಡಿ ತೆರೆದಿಟ್ಟರೆ ಕಡಿಮೆಯಾಗುತ್ತದೆ. ಗಿರಾಕಿ ಕೇಳಿದಾಗ ಈ ಉತ್ತರ ನಿಮ್ಮ ಬಾಯಲ್ಲಿ ಇರಬೇಕು.

ಇನ್ನು ಕೆಲವು ಮಾತು ಗಟ್ಟಿಯಾಗಿಯೇ ಹೇಳುತ್ತೇನೆ. ಚಳಿ ಅಂತ ಇದ್ದಿಲ ಕೆಂಡದ ಒಲೆಯನ್ನು ಟೆಂಟಿನೊಳಗೆ ಇಡುವವರಿದ್ದಾರೆ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ನಿದ್ದೆಯಲ್ಲೇ ಜೀವ ಹೋಗುತ್ತದೆ. ಗ್ಯಾಸ್ ಸ್ಟೌವೂ ಒಳಗೆ ಬೇಡ. ಗಿರಾಕಿ ಬೇಸರ ಮಾಡಿಕೊಂಡರೆ ಇನ್ನೊಂದು ಕಂಬಳಿ ಕೊಡಿ, ಕೆಂಡ ಕೊಡಬೇಡಿ. ಸಿಡಿಲು ಬಂದರೆ ಟೆಂಟು ರಕ್ಷಣೆಯಲ್ಲ, ಎಲ್ಲರನ್ನೂ ಮನೆಯೊಳಗೋ ಕಾರಿನೊಳಗೋ ಕರೆದುಕೊಂಡು ಹೋಗಬೇಕು. ಆ ಮನೆ ಹತ್ತಿರ ಇಲ್ಲದ ಕಡೆ ಟೆಂಟು ಹಾಕುವುದೇ ತಪ್ಪು.

ಆನೆ ಓಡಾಡುವ ಜಾಗದ ಬಗ್ಗೆ ನನ್ನ ಅಭಿಪ್ರಾಯ ಇನ್ನೂ ಕಟುವಾಗಿದೆ. 2021ರ ಜನವರಿಯಲ್ಲಿ ಪಕ್ಕದ ವಯನಾಡಿನ ಮೇಪ್ಪಾಡಿ ಬಳಿ ರೆಸಾರ್ಟಿನ ಟೆಂಟಿನಲ್ಲಿ ತಂಗಿದ್ದ ಮಹಿಳೆಯೊಬ್ಬರನ್ನು ಕಾಡಾನೆ ಕೊಂದಿತು. ಸಕಲೇಶಪುರ, ಆಲೂರು ಕಡೆಯ ನಮಗೆ ಆನೆ ಎಲ್ಲಿ ದಾಟುತ್ತದೆ ಅಂತ ಬೇರೆಯವರು ಹೇಳಬೇಕೇ? ಗೊತ್ತಿದ್ದೂ ಅಲ್ಲಿ ಟೆಂಟು ಹಾಕಿ, "ಕಾಡಿನ ಅನುಭವ" ಅಂತ ಮಾರುವುದು ವ್ಯಾಪಾರ ಅಲ್ಲ.

ಟೆಂಟು ಮಾರುವವರಿಗೂ ಒಂದು ಮಾತು. ಸೂಚನೆ ಚೀಟಿಗಳು ಇಂಗ್ಲಿಷಿನಲ್ಲಿ, ಅದೂ ಸಾಸಿವೆ ಕಾಳಿನಂಥ ಅಕ್ಷರದಲ್ಲಿ ಬರುತ್ತವೆ. ಬೆಂಕಿಯ ಎಚ್ಚರಿಕೆಯಾದರೂ ಕನ್ನಡದಲ್ಲಿ ಇರಬೇಕು. ಇಲ್ಲಿ ಮಾರಿ ದುಡ್ಡು ಎಣಿಸುವವರಿಗೆ ಅಷ್ಟು ಮಾಡುವುದು ಭಾರವಲ್ಲ. ಅಲ್ಲಿಯವರೆಗೆ ನೀವೇ ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಟೆಂಟಿನ ಬಾಗಿಲ ಬಳಿ ನೇತು ಹಾಕಿ, ಕೆಳಗೆ ನಿಮ್ಮ ಫೋನ್ ನಂಬರೂ ಇರಲಿ.

ಬಿಚ್ಚುವಾಗ ಒದ್ದೆ ಟೆಂಟನ್ನು ಹಾಗೇ ಚೀಲಕ್ಕೆ ತುಂಬಬೇಡಿ. ಬೂಸ್ಟು ಹಿಡಿದು ವಾಸನೆ ಬರುತ್ತದೆ. ಅಡಿಕೆ ಹರಡಿದಂತೆ ಒಂದು ಮಧ್ಯಾಹ್ನ ನೆರಳಲ್ಲಿ ಹರಡಿ, ಹೊಲಿಗೆಯ ಮಡಿಕೆಯೂ ಒಣಗಿದ ಮೇಲೆ ಮಡಚಿ.